ಮುಖ ನೆನಪಿದೆ, ಹೆಸರೇನು?

ಮದುವೆಯ ಮನೆಯಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಒಬ್ಬರು ನಗುನಗುತ್ತ ಎದುರಿಗೆ ಬಂದು ನಿಲ್ಲುತ್ತಾರೆ. "ಏನು, ಗುರುತು ಸಿಕ್ಕಿತೇ?" ಎಂದು ಕೇಳುತ್ತಾರೆ. ಗುರುತೇನೋ ಸಿಕ್ಕಿರುತ್ತದೆ. ಅವರನ್ನು ಹಿಂದೆ ಎಲ್ಲಿ ಕಂಡಿದ್ದೆವು, ಅವರ ಊರು ಯಾವುದು, ಅವರ ಮಗ ಏನು ಓದುತ್ತಿದ್ದಾನೆ, ಎಲ್ಲವೂ ಒಂದೊಂದಾಗಿ ಮನಸ್ಸಿಗೆ ಬರುತ್ತದೆ. ಬಾರದಿರುವುದು ಅವರ ಹೆಸರು ಮಾತ್ರ. "ನಿಮ್ಮನ್ನು ಮರೆಯುವುದುಂಟೇ!" ಎಂದು ನಾವೂ ನಗುತ್ತೇವೆ, ಹೆಸರು ಹೇಳಬೇಕಾದ ಕಡೆಯಲ್ಲೆಲ್ಲ "ತಾವು", "ಇವರು" ಎಂದು ಸಾಗಿಸಿ ಹೇಗೋ ಪಾರಾಗುತ್ತೇವೆ. ಇಂಥ ಇಕ್ಕಟ್ಟಿಗೆ ಒಮ್ಮೆಯೂ ಸಿಕ್ಕದ ಮನುಷ್ಯರು ವಿರಳ.

ನಾನು ಸಿಕ್ಕಿಕೊಂಡ ಇಕ್ಕಟ್ಟು ಇಷ್ಟು ಸುಲಭವಾಗಿ ಬಿಡಲಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಒಂದೊಂದು ತರಗತಿಯಲ್ಲಿಯೂ ಎಂಬತ್ತು ವಿದ್ಯಾರ್ಥಿಗಳು. ಹಾಜರಿ ಕರೆಯುವುದು ಸಂಖ್ಯೆಯಿಂದ. ಕೆಲವು ವರ್ಷಗಳ ಹಿಂದೆ ಕೊನೆಯ ವರ್ಷದ ಪದವಿ ವಿದ್ಯಾರ್ಥಿಯೊಬ್ಬನು ಮುಂದಿನ ಓದಿಗಾಗಿ ಶಿಫಾರಸು ಪತ್ರ ಬೇಕೆಂದು ಬಂದನು. ನಾನು ಚೆನ್ನಾಗಿ ಬಲ್ಲ ಹುಡುಗ. ಅವನ ಮನೆಯವರು ಆಲೆಮನೆ ನಡೆಸುತ್ತಿದ್ದರು. ಕುದಿಯುವ ನೀರಿನ ಉಷ್ಣತೆ ಏರದೆ ನಿಲ್ಲುತ್ತದೆಂದು ನಾನು ಪಾಠ ಹೇಳಿದ ದಿನ, "ಹಾಗಾದರೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಟ್ಟಿಯಾದಂತೆಲ್ಲ ಶಾಖ ಏರುತ್ತಲೇ ಹೋಗುವುದೇಕೆ?" ಎಂದು ಕೇಳಿದವನು ಅವನೇ. ಆ ಪ್ರಶ್ನೆಯನ್ನು ಉಲ್ಲೇಖಿಸಿ ಪತ್ರವನ್ನು ಸಂತೋಷದಿಂದ ಬರೆದೆ. ಹೆಸರಿಗೆಂದು ಬಿಟ್ಟಿದ್ದ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. "ಹೆಸರನ್ನು ನೀನೇ ಬರೆದುಬಿಡಪ್ಪಾ, ಇನಿಷಿಯಲ್ ತಪ್ಪಾಗುವುದು ಬೇಡ" ಎಂದು ಕಾಗದವನ್ನು ಅವನತ್ತ ಸರಿಸಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದನು. ಬಳಿಕ ದುಂಡಾದ ಅಕ್ಷರಗಳಲ್ಲಿ ಬರೆದುಕೊಟ್ಟನು. "ಮೂರು ವರ್ಷವೂ ನಿಮ್ಮ ತರಗತಿಯಲ್ಲೇ ಇದ್ದೆ, ಸರ್" ಎಂದು ಮೆಲ್ಲಗೆ ಹೇಳಿ ಹೊರಟುಹೋದನು.

ಅವನ ಊರು, ಮನೆತನ, ಪ್ರಶ್ನೆ, ಇವೆಲ್ಲವನ್ನೂ ಉಳಿಸಿಕೊಂಡಿದ್ದ ನನ್ನ ಮನಸ್ಸು ಹೆಸರೊಂದನ್ನು ಮಾತ್ರ ಬಿಟ್ಟುಕೊಟ್ಟದ್ದು ಏಕೆ? ಇದು ಅಲಕ್ಷ್ಯವೇ, ಜ್ಞಾಪಕಶಕ್ತಿಯ ಕೊರತೆಯೇ, ಅಥವಾ ಹೆಸರೆಂಬ ವಸ್ತುವಿನಲ್ಲಿಯೇ ಏನಾದರೂ ತೊಡಕಿದೆಯೇ? ಈ ಪ್ರಶ್ನೆಯ ಬೆನ್ನುಹತ್ತಿ ಮನಶ್ಶಾಸ್ತ್ರದ ಗ್ರಂಥಗಳನ್ನು ತಿರುವಿಹಾಕಿದಾಗ ನನಗೆ ದೊರೆತ ಸಂಗತಿಗಳನ್ನು ಓದುಗರ ಮುಂದಿಡುತ್ತೇನೆ.

ಗುರುತಿಸುವುದು ಬೇರೆ, ಸ್ಮರಿಸುವುದು ಬೇರೆ

ಕಣ್ಣೆದುರಿಗಿರುವುದನ್ನು "ಇದು ಹಿಂದೆ ಕಂಡದ್ದೇ" ಎಂದು ಅರಿಯುವುದು ಒಂದು ಕೆಲಸ. ನಮ್ಮ ಹಿಂದಿನ ತಾರ್ಕಿಕರು ಇದಕ್ಕೆ ಪ್ರತ್ಯಭಿಜ್ಞೆ ಎಂಬ ಹೆಸರನ್ನು ಇಟ್ಟಿದ್ದರು. ಎದುರಿಗೆ ಇಲ್ಲದ್ದನ್ನು ಮನಸ್ಸಿನೊಳಗಿನಿಂದ ಹೊರತೆಗೆಯುವುದು ಇನ್ನೊಂದು ಕೆಲಸ, ಅದು ಸ್ಮರಣೆ. ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳನ್ನು ಕೊಟ್ಟು ಸರಿಯಾದುದಕ್ಕೆ ಗುರುತುಹಾಕಿ ಎಂದಾಗ ಬೇಕಾಗುವುದು ಮೊದಲನೆಯದು. ಬಿಟ್ಟ ಸ್ಥಳವನ್ನು ತುಂಬಿ ಎಂದಾಗ ಬೇಕಾಗುವುದು ಎರಡನೆಯದು. ಇವುಗಳಲ್ಲಿ ಯಾವುದು ಕಠಿನವೆಂಬುದನ್ನು ವಿದ್ಯಾರ್ಥಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಮುಖವು ನಮಗೆ ಒಡ್ಡುವುದು ಸುಲಭದ ಪರೀಕ್ಷೆಯನ್ನು. ಮಿದುಳಿನ ತಳಭಾಗದಲ್ಲಿ, ಕಪೋಲಪಾಲಿಯೆಂಬ ಭಾಗದ ಅಡಿಯಲ್ಲಿ, ಮುಖಗಳನ್ನು ಕಂಡಾಗ ವಿಶೇಷವಾಗಿ ಚುರುಕಾಗುವ ಪ್ರದೇಶವೊಂದಿದೆಯೆಂದು 1997ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಸಾಮಾನ್ಯ ಮನುಷ್ಯನು ಸರಾಸರಿ ಸುಮಾರು 5000 ಮುಖಗಳನ್ನು ಬಲ್ಲನೆಂದು ಇಂಗ್ಲೆಂಡಿನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಈ ಜ್ಞಾನ ಎಷ್ಟು ಗಟ್ಟಿಯಾದುದೆಂಬುದಕ್ಕೆ 1975ರಲ್ಲಿ ಬಾರಿಕ್ ಮತ್ತು ಸಂಗಡಿಗರು ನಡೆಸಿದ ಶೋಧನೆ ಸಾಕ್ಷಿ. ಪ್ರೌಢಶಾಲೆಯಲ್ಲಿ ಓದಿ ಹೊರಬಂದ 392 ಮಂದಿಗೆ ಅವರ ಸಹಪಾಠಿಗಳ ಹಳೆಯ ಭಾವಚಿತ್ರಗಳನ್ನು ಅಪರಿಚಿತರ ಚಿತ್ರಗಳೊಡನೆ ಬೆರೆಸಿ ತೋರಿಸಲಾಯಿತು. ಶಾಲೆ ಬಿಟ್ಟು ಮೂವತ್ತು ವರ್ಷಗಳು ಸಂದವರು ಕೂಡ ನೂರಕ್ಕೆ ಸುಮಾರು ತೊಂಬತ್ತು ಮುಖಗಳನ್ನು ಗುರುತಿಸಿದರು. ಆದರೆ ಆ ಮುಖಗಳ ಹೆಸರನ್ನು ತಾವಾಗಿಯೇ ಹೇಳಬೇಕಾಗಿ ಬಂದಾಗ ಅವರ ಸಾಧನೆ ಬಹಳ ಕೆಳಗಿಳಿಯಿತು. ಆದುದರಿಂದ ಮುಖ ನೆನಪಿದ್ದು ಹೆಸರು ಮರೆಯುವುದು ಒಬ್ಬಿಬ್ಬರ ದೌರ್ಬಲ್ಯವಲ್ಲ.

ಬಡಿಗಿಯೂ ಬಡಿಗೇರರೂ

ಸ್ಮರಣೆ ಕಠಿನವೆಂದರೆ ಊರು, ಉದ್ಯೋಗಗಳೂ ಅಷ್ಟೇ ಕಠಿನವಾಗಬೇಕಾಗಿತ್ತಲ್ಲವೇ? ಅವುಗಳನ್ನೂ ನಾವು ಒಳಗಿನಿಂದಲೇ ಹೊರತೆಗೆಯಬೇಕು. ಇಲ್ಲಿ 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ನಡೆಸಿದ ಸೊಗಸಾದ ಪ್ರಯೋಗವೊಂದು ನೆರವಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಬೇಕರ್ ಎಂದರೆ ರೊಟ್ಟಿ ಸುಡುವವನು. ಅದೇ ಒಂದು ಮನೆತನದ ಹೆಸರೂ ಹೌದು. ಅಪರಿಚಿತ ಮುಖಗಳನ್ನು ತೋರಿಸಿ, ಕೆಲವರಿಗೆ ಇಂಥ ಪದವನ್ನು ಆ ಮನುಷ್ಯನ ಉದ್ಯೋಗವೆಂದು ಹೇಳಿದರು. ಬೇರೆಯವರಿಗೆ ಅದೇ ಪದವನ್ನು ಅವನ ಹೆಸರೆಂದು ಹೇಳಿದರು. ಪದ ಒಂದೇ, ಉಚ್ಚಾರವೂ ಒಂದೇ. ಆದರೂ ಉದ್ಯೋಗವೆಂದು ಕಲಿತಾಗ ಅದು ಹೆಚ್ಚು ಸುಲಭವಾಗಿ ನೆನಪಾಯಿತು, ಹೆಸರೆಂದು ಕಲಿತಾಗ ಕೈಕೊಟ್ಟಿತು.

ಈ ಸೋಜಿಗವನ್ನು ಅರಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ನೋಡಿ: ಬಡಿಗೇರ, ಕುಂಬಾರ, ಪತ್ತಾರ, ಹೂಗಾರ, ಇಷ್ಟೇ ಏಕೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಕೂಡ ಅಡ್ಡಹೆಸರುಗಳೇ. "ಇವರು ಬಡಿಗಿ" ಎಂದು ಯಾರಾದರೂ ಪರಿಚಯಿಸಿದರೆ ನಮ್ಮ ಮನಸ್ಸಿನಲ್ಲಿ ಉಳಿ, ಬಾಚಿ, ಗರಗಸಗಳೂ ಮರದ ಹೊಟ್ಟಿನ ವಾಸನೆಯೂ ಒಮ್ಮೆಗೇ ಏಳುತ್ತವೆ. ನಾಳೆ ಇವುಗಳಲ್ಲಿ ಯಾವುದೊಂದು ನೆನಪಾದರೂ ಅದರ ಹಿಂದೆ ಉಳಿದವು ಬರುತ್ತವೆ. "ಇವರ ಹೆಸರು ಬಡಿಗೇರ" ಎಂದರೆ ಹಾಗಾಗುವುದಿಲ್ಲ. ಅವರು ಬ್ಯಾಂಕಿನ ಅಧಿಕಾರಿಯಾಗಿರಬಹುದು, ಕಾಲೇಜಿನ ಪ್ರಾಂಶುಪಾಲರಾಗಿರಬಹುದು. ಪದದ ಅರ್ಥವನ್ನು ನಾವು ಕೂಡಲೇ ಬದಿಗಿಡುತ್ತೇವೆ. ಉಳಿಯುವುದು ಬರಿಯ ಧ್ವನಿ. ಉದ್ಯೋಗವು ಹತ್ತು ದಾರಗಳಿಂದ ಕಟ್ಟಿದ ಗಂಟಾದರೆ ಹೆಸರು ಒಂದೇ ದಾರದಿಂದ ನೇತಾಡುವ ಚೀಟಿ. ದಾರ ಸಡಿಲಿದರೆ ಹಿಡಿಯಲು ಬೇರೆ ಆಧಾರವಿಲ್ಲ.

ಹೆಸರಿಗೆ ಪರ್ಯಾಯಪದವೂ ಇಲ್ಲ. "ವೈದ್ಯರು" ಎಂಬ ಮಾತು ತಕ್ಷಣ ಬಾರದಿದ್ದರೆ "ಡಾಕ್ಟರು" ಎನ್ನಬಹುದು. ಗಂಗಾಧರನನ್ನು "ಶಂಕರ" ಎಂದು ಕರೆದರೆ, ಪುರಾಣದ ಪ್ರಕಾರ ಸರಿಯಿದ್ದರೂ, ಅವನು ತಿರುಗಿ ನೋಡಲಾರನು.

ಕೇಳದೆ ಮರೆತದ್ದು

ಹೆಸರು ಸ್ವಭಾವತಃ ದುರ್ಬಲವಾದ ನೆನಪೆಂದ ಮೇಲೆ ಅದಕ್ಕೆ ಬಲ ಕೊಡುವ ಉಪಾಯಗಳೇನು? ಮೊದಲನೆಯದು ತೀರ ಸರಳ: ಹೆಸರನ್ನು ಕಿವಿಗೊಟ್ಟು ಕೇಳುವುದು. ನಾವು ಕೇಳಿಯೇ ಇರುತ್ತೇವಲ್ಲ ಎಂದು ಆಕ್ಷೇಪಿಸಬಹುದು. ಬ್ರೆನರ್ ಎಂಬಾತನು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಸುತ್ತಲೂ ಕುಳಿತು, ಸರದಿಯಂತೆ ಒಬ್ಬೊಬ್ಬರೂ ಒಂದೊಂದು ಪದವನ್ನು ಗಟ್ಟಿಯಾಗಿ ಓದಿದರು. ಬಳಿಕ ನೆನಪಿರುವ ಪದಗಳನ್ನು ಹೇಳಿರೆಂದಾಗ, ತಮ್ಮ ಸರದಿಗೆ ತುಸು ಮುಂಚೆ ಓದಲಾದ ಪದಗಳೇ ಅವರಿಗೆ ಅತ್ಯಂತ ಕಡಮೆ ನೆನಪಿದ್ದವು. ಆ ಹೊತ್ತಿಗೆ ಪ್ರತಿಯೊಬ್ಬನ ಗಮನವೂ ತಾನು ಆಡಬೇಕಾದ ಮಾತಿನ ಮೇಲಿತ್ತು.

ಕಾಲೇಜಿನ ಮೊದಲ ದಿನ ಹೊಸ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ತಮ್ಮ ಪರಿಚಯ ಹೇಳಿಕೊಳ್ಳುವ ಪದ್ಧತಿಯಲ್ಲಿ ನಡೆಯುವುದೂ ಇದೇ. ಪಕ್ಕದವನ ಹೆಸರು ಕಿವಿಗೆ ಬಿದ್ದಿರುತ್ತದೆ, ಮನಸ್ಸಿಗೆ ಮುಟ್ಟಿರುವುದಿಲ್ಲ. ಬರೆಯದೆ ಇದ್ದ ಓಲೆಯನ್ನು ಕಳೆದುಕೊಂಡೆನೆಂದು ದುಃಖಿಸಿ ಫಲವೇನು? ಆದುದರಿಂದ ಹೆಸರು ಕೇಳಿದೊಡನೆ ಅದನ್ನು ಒಮ್ಮೆ ತಿರುಗಿ ಉಚ್ಚರಿಸಬೇಕು. ಸಂದೇಹವಿದ್ದರೆ ಮತ್ತೊಮ್ಮೆ ಕೇಳಬೇಕು. ಹೆಸರಿನ ಮುಂದಿನ ಇನಿಷಿಯಲ್ ಯಾವ ಊರಿನದು, ಯಾರದು ಎಂದು ವಿಚಾರಿಸುವುದು ನಮ್ಮಲ್ಲಿ ಒಳ್ಳೆಯ ಮಾತಿಗೆ ಪೀಠಿಕೆಯೂ ಆಗುತ್ತದೆ, ಚೀಟಿಗೆ ಎರಡನೆಯ ದಾರವೂ ಆಗುತ್ತದೆ.

ಅರ್ಥದ ಗೂಟ

ಎರಡನೆಯ ಉಪಾಯ, ನಾವು ಬದಿಗಿಟ್ಟ ಅರ್ಥವನ್ನು ಮರಳಿ ಹೆಸರಿಗೆ ಜೋಡಿಸುವುದು. ಕ್ರಮ ಹೀಗೆ. ಹೆಸರನ್ನು ಕಣ್ಣಿಗೆ ಕಾಣುವ ಒಂದು ವಸ್ತುವಾಗಿ ಮಾರ್ಪಡಿಸಬೇಕು. ಮುಖದಲ್ಲಿ ಎದ್ದುಕಾಣುವ ಒಂದು ಲಕ್ಷಣವನ್ನು ಆರಿಸಬೇಕು. ಎರಡನ್ನೂ ಕೂಡಿಸಿ ಒಂದು ಚಿತ್ರವನ್ನು ಕಲ್ಪಿಸಬೇಕು. ಜ್ಯೋತಿ ಎಂಬ ಹುಡುಗಿಯ ಹಣೆ ವಿಶಾಲವಾಗಿದ್ದರೆ ಅಲ್ಲಿ ಒಂದು ಗೂಡನ್ನು ಕೊರೆದು ಹಣತೆ ಹಚ್ಚಿಟ್ಟಂತೆ ಭಾವಿಸಿಕೊಳ್ಳಿ. ನಾಗರಾಜನ ಹುಬ್ಬುಗಳು ಕೂಡಿದ್ದರೆ ಅವು ಹೆಡೆ ಬಿಚ್ಚಲಿ. ಅರ್ಥ ತಿಳಿಯದ ಹೆಸರಾದರೆ ಧ್ವನಿಸಾಮ್ಯ ಸಾಕು. ಮಂಗಳೂರಿನ ಡಿಸೋಜರ ಹೆಸರಿನಲ್ಲಿ ಒಂದು ಸೂಜಿಯನ್ನು ಕಂಡರೆ ಅಡ್ಡಿಯಿಲ್ಲ. ಈ ಕ್ರಮವನ್ನು 1978ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ, ಕಲಿತವರು ಕಲಿಯದವರಿಗಿಂತ ಗಣನೀಯವಾಗಿ ಹೆಚ್ಚು ಹೆಸರುಗಳನ್ನು ಹೇಳಬಲ್ಲವರಾದರು.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಕನ್ನಡಕ, ಅಂಗಿ, ಜಡೆಗಳನ್ನು ಆಧಾರ ಮಾಡಿಕೊಳ್ಳಬಾರದು. ಅವು ನಾಳೆ ಬದಲಾದಾವು. ಕಲ್ಪಿಸಿದ ಚಿತ್ರವನ್ನು ಬಾಯಿಬಿಟ್ಟು ಹೇಳಲೂ ಬಾರದು. ನೆನಪಿನ ಉಪಕರಣವು ಇನ್ನೊಬ್ಬರಿಗೆ ಅಪಹಾಸ್ಯವಾಗಿ ಕಂಡೀತು.

ಸ್ಥಳದ ಯುಕ್ತಿ, ಅದರ ಮಿತಿ

ಚಿತ್ರಗಳಿಗೆ ಸ್ಥಳವನ್ನು ಸೇರಿಸುವುದು ಇನ್ನೂ ಹಳೆಯ ಯುಕ್ತಿ. ಇದರ ಮೂಲವನ್ನು ಕುರಿತ ಐತಿಹ್ಯವೊಂದನ್ನು ರೋಮಿನ ವಾಗ್ಮಿ ಸಿಸೆರೊ ಕ್ರಿಸ್ತಪೂರ್ವ 55ರಲ್ಲಿ ಬರೆದ ಗ್ರಂಥದಲ್ಲಿ ಹೇಳಿದ್ದಾನೆ. ಗ್ರೀಸಿನ ಕವಿ ಸಿಮೋನಿಡೀಸನು ಸ್ಕೋಪಾಸನೆಂಬ ಶ್ರೀಮಂತನ ಮನೆಯ ಔತಣದಲ್ಲಿದ್ದನು. ಯಾರೋ ಕರೆಯುತ್ತಿದ್ದಾರೆಂದು ಅವನು ಹೊರಗೆ ಬಂದಾಗ ಭೋಜನಶಾಲೆಯ ಮಾಳಿಗೆ ಕುಸಿಯಿತು. ಸತ್ತವರ ಗುರುತು ಅವರ ಬಂಧುಗಳಿಗೂ ಸಿಕ್ಕದಂತಾಗಿತ್ತು. ಯಾರು ಯಾವ ಸ್ಥಳದಲ್ಲಿ ಕುಳಿತಿದ್ದರೆಂಬುದನ್ನು ನೆನೆದು ಸಿಮೋನಿಡೀಸನು ಒಬ್ಬೊಬ್ಬರ ಹೆಸರನ್ನೂ ಹೇಳಿದನಂತೆ. 2003ರಲ್ಲಿ ಲಂಡನ್ನಿನ ಸಂಶೋಧಕರು ಅಸಾಧಾರಣ ಜ್ಞಾಪಕಶಕ್ತಿಗೆ ಹೆಸರಾದ ಹತ್ತು ಮಂದಿಯ ಮಿದುಳನ್ನು ಪರಿಶೀಲಿಸಿದರು. ಅದರ ರಚನೆಯಲ್ಲಿ ಯಾವ ವೈಶಿಷ್ಟ್ಯವೂ ಕಂಡುಬರಲಿಲ್ಲ. ಅವರಲ್ಲಿ ಒಂಬತ್ತು ಮಂದಿ ಬಳಸುತ್ತಿದ್ದುದು ಈ ಸ್ಥಳದ ಯುಕ್ತಿಯನ್ನೇ. ಅವರ ಶಕ್ತಿ ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು ಎಂಬ ಅಭಿಪ್ರಾಯಕ್ಕೆ ಇದು ಬಲ ಕೊಡುತ್ತದೆ.

ಇದನ್ನು ಓದಿ ಉತ್ಸಾಹಗೊಂಡ ನಾನು ಮರುವರ್ಷ ತರಗತಿಯ ನಕ್ಷೆಯೊಂದನ್ನು ಬರೆದು, ಬೆಂಚುಗಳ ಪ್ರಕಾರ ಹೆಸರುಗಳನ್ನು ಬಾಯಿಪಾಠ ಮಾಡಿದೆ. ಎರಡು ವಾರಗಳಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯತೊಡಗಿದೆ. ವಿದ್ಯಾರ್ಥಿಗಳು ಬೆರಗಾದರು, ನನಗೂ ಸ್ವಲ್ಪ ಹೆಮ್ಮೆಯಾಯಿತು. ಆ ಹೆಮ್ಮೆ ಪ್ರಯೋಗಶಾಲೆಯ ಬಾಗಿಲವರೆಗೆ ಮಾತ್ರ ಉಳಿಯಿತು. ಅಲ್ಲಿ ಬೆಂಚುಗಳಿಲ್ಲ, ಎಲ್ಲರೂ ಮೇಜುಗಳ ಸುತ್ತ ಚದರಿ ನಿಂತಿದ್ದರು. ನಾನು ಕಲಿತಿದ್ದುದು ಬೆಂಚುಗಳ ಹೆಸರನ್ನು, ಮನುಷ್ಯರ ಹೆಸರನ್ನಲ್ಲ. ಕುಳಿತ ಜಾಗದಲ್ಲಿಯೇ ಇರುವ ಔತಣಕ್ಕೆ ಸಿಮೋನಿಡೀಸನ ಯುಕ್ತಿ ಸರಿ. ಓಡಾಡುವ ಜನರ ಹೆಸರು ಅವರ ಮುಖಕ್ಕೇ ಅಂಟಬೇಕು.

ಮರೆವಿನ ರೇಖೆ

ಅಂಟಿದ್ದನ್ನು ಉಳಿಸಿಕೊಳ್ಳುವುದು ಹೇಗೆ? ಮರೆವನ್ನು ಮೊದಲು ಅಳತೆಗೆ ತಂದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವನ ಗ್ರಂಥ 1885ರಲ್ಲಿ ಪ್ರಕಟವಾಯಿತು. ಪ್ರಯೋಗಿಸಿದವನೂ ಅವನೇ, ಪ್ರಯೋಗಕ್ಕೆ ಒಳಗಾದವನೂ ಅವನೇ. ಅರ್ಥವಿಲ್ಲದ ಸುಮಾರು 2300 ಧ್ವನಿಗುಚ್ಛಗಳನ್ನು ರಚಿಸಿಕೊಂಡು, ಅವುಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಕಾಲ ಕಳೆದ ಮೇಲೆ ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಗುತ್ತದೆಂದು ಲೆಕ್ಕಹಾಕಿದನು. 20 ನಿಮಿಷಗಳ ಬಳಿಕ ಉಳಿತಾಯ ನೂರಕ್ಕೆ 58. ಒಂದು ಗಂಟೆಯ ಬಳಿಕ 44. ಒಂದು ದಿನದ ಬಳಿಕ 34. 31 ದಿನಗಳ ಬಳಿಕ 21. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಇದೇ ಪ್ರಯೋಗವನ್ನು ಪುನಃ ನಡೆಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶವೂ ಬಹುಮಟ್ಟಿಗೆ ಹೀಗೆಯೇ ಇತ್ತು.

ಭೌತಶಾಸ್ತ್ರ ಓದುವವರಿಗೆ ಇದು ವಿಕಿರಣಶೀಲ ವಸ್ತುವಿನ ಕ್ಷಯವನ್ನು ನೆನಪಿಗೆ ತರಬಹುದು. ಆದರೆ ಹೋಲಿಕೆ ಪೂರ್ಣವಲ್ಲ. ರೇಡಿಯಮ್ಮಿನಂತೆ ಸಮಾನಕಾಲದಲ್ಲಿ ಸಮಾನ ಪ್ರಮಾಣ ಕ್ಷಯಿಸುವುದಾಗಿದ್ದರೆ, 20 ನಿಮಿಷಕ್ಕೆ 58 ಉಳಿದದ್ದು ಒಂದು ಗಂಟೆಗೆ 20ಕ್ಕೆ ಇಳಿಯಬೇಕಾಗಿತ್ತು. ನಿಜವಾಗಿ ಉಳಿದಿರುವುದು 44. ಎಂದರೆ, ಮರೆವು ಮೊದಲು ರಭಸದಿಂದ ನುಗ್ಗಿ, ಬರಬರುತ್ತ ನಿಧಾನವಾಗುತ್ತದೆ. ಮೊದಲ ಗಂಟೆಯನ್ನು ದಾಟಿ ಉಳಿದ ನೆನಪು ಮುಂದೆ ಹೆಚ್ಚು ಕಾಲ ಬಾಳುತ್ತದೆ. ಇದರಿಂದ ಒಂದು ಸೂಚನೆ ದೊರೆಯುತ್ತದೆ: ಹೊಸ ಹೆಸರಿಗೆ ಮೊದಲ ನೆರವು ಬೇಗನೆ ಒದಗಬೇಕು, ಮುಂದಿನವು ತಡೆದು ಬಂದರೂ ಸಾಕು.

ಲ್ಯಾಂಡೌಅರ್ ಮತ್ತು ಬ್ಯೋರ್ಕ್ ಎಂಬ ಅಮೆರಿಕದ ವಿಜ್ಞಾನಿಗಳು ಇದನ್ನು 1978ರಲ್ಲಿ ಜನರ ಹೆಸರುಗಳನ್ನೇ ಬಳಸಿ ಪರೀಕ್ಷಿಸಿದರು. ಹೆಸರನ್ನು ಬರಿದೆ ಮತ್ತೆ ಓದುವುದಕ್ಕಿಂತ, ನೋಡದೆ ಸ್ಮರಿಸಲು ಯತ್ನಿಸುವುದು ಮೇಲು. ಯತ್ನಗಳ ನಡುವಣ ಅಂತರವು ಕ್ರಮೇಣ ಹಿಗ್ಗುತ್ತ ಹೋದರೆ ಇನ್ನೂ ಮೇಲು ಎಂದು ಕಂಡುಬಂದಿತು. ಅಂತರ ಹಿಗ್ಗಬೇಕೇ, ಸಮನಾಗಿಯೇ ಇರಬಹುದೇ ಎಂಬ ವಿಷಯದಲ್ಲಿ ಮುಂದೆ ಚರ್ಚೆ ನಡೆದಿದೆ. ಬಿಡುವು ಕೊಟ್ಟು ಸ್ಮರಿಸುವುದರ ಪ್ರಯೋಜನ ಮಾತ್ರ ಮತ್ತೆ ಮತ್ತೆ ಸ್ಥಿರಪಟ್ಟಿದೆ. 2005ರ ಬ್ರಿಟಿಷ್ ಅಧ್ಯಯನವೊಂದು ಈ ಉಪಾಯವನ್ನೂ ಚಿತ್ರ ಕಲ್ಪಿಸುವ ಉಪಾಯವನ್ನೂ ನಿಜವಾದ ಸಂತೋಷಕೂಟವೊಂದರಲ್ಲಿ ಪಕ್ಕಪಕ್ಕದಲ್ಲಿ ಪರೀಕ್ಷಿಸಿತು. ಬಿಡುವು ಕೊಟ್ಟು ಸ್ಮರಿಸಿಕೊಂಡವರು ಮುಂದಾದರು. ಚಿತ್ರ ಕಲ್ಪಿಸಿದವರಿಗೆ ಯಾವ ಲಾಭವೂ ಕಾಣಲಿಲ್ಲ. ಮಾತು, ನಗು, ಗದ್ದಲಗಳ ನಡುವೆ ಚಿತ್ರ ಕಟ್ಟಲು ಪುರುಸೊತ್ತೆಲ್ಲಿ?

ನಮ್ಮ ಅಷ್ಟಾವಧಾನವನ್ನು ನೋಡಿದವರಿಗೆ ಇದು ಹೊಸದೆನಿಸದು. ಅವಧಾನಿಯು ಒಬ್ಬ ಪೃಚ್ಛಕನಿಗೆ ಪದ್ಯದ ಒಂದು ಪಾದವನ್ನು ಹೇಳಿ ಮುಂದಿನವನ ಕಡೆಗೆ ತಿರುಗುತ್ತಾನೆ. ಸುತ್ತು ಮುಗಿದು ಮೊದಲಿನವನ ಬಳಿಗೆ ಬಂದಾಗ ಹಿಂದಿನ ಪಾದವನ್ನು ಸ್ಮರಿಸಿಯೇ ಎರಡನೆಯದನ್ನು ಕಟ್ಟಬೇಕು. ಕಾಗದ, ಲೇಖನಿಗಳ ಹಂಗಿಲ್ಲ. ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ಒಪ್ಪಿಸುವ ಧಾರಣೆಯ ಹಿಂದೆ ಈ ಬಿಡುವಿನ ಸ್ಮರಣೆಯೂ ಕೆಲಸಮಾಡುತ್ತಿರಬೇಕು.

ನೀವೇ ಮಾಡಿನೋಡಿ

ಈಗ ನಾನು ಅನುಸರಿಸುತ್ತಿರುವ ಕ್ರಮ ಇದು. ದಿನಕ್ಕೆ ಎಂಟು ಹೆಸರುಗಳು ಮಾತ್ರ. ತರಗತಿ ಮುಗಿದು ಅಧ್ಯಾಪಕರ ಕೊಠಡಿಗೆ ನಡೆಯುವಷ್ಟರಲ್ಲಿ ಆ ಎಂಟು ಮುಖಗಳನ್ನು ನೆನೆದು, ಒಂದೊಂದಕ್ಕೂ ಹೆಸರು ಹೇಳಿಕೊಳ್ಳುತ್ತೇನೆ. ಅದೇ ಸಂಜೆ ಒಮ್ಮೆ, ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಹಾಜರಿ ಪುಸ್ತಕವನ್ನು ತೆರೆಯುವುದು ಯತ್ನಿಸಿದ ಮೇಲೆ ಮಾತ್ರ. ಎಂಬತ್ತು ಹೆಸರುಗಳು ನಿಲ್ಲಲು ಒಂದು ತಿಂಗಳಿಗೆ ಮೀರಿ ಹಿಡಿಯುತ್ತದೆ. ಇಂದಿಗೂ ಪ್ರತಿ ವರ್ಷ ನಾಲ್ಕೈದು ಹೆಸರುಗಳು ಹಟ ಹಿಡಿದು ತಪ್ಪಿಸಿಕೊಳ್ಳುತ್ತವೆ. ಆದರೆ ಸಂಖ್ಯೆಯಿಂದ ಕರೆದಾಗ ಹಾಜರಿಯನ್ನು ಮಾತ್ರ ಹೇಳಿ ಕುಳಿತುಬಿಡುತ್ತಿದ್ದ ಹಿಂದಿನ ಬೆಂಚಿನವರು, ಹೆಸರಿನಿಂದ ಕರೆದಾಗ ಉತ್ತರ ಹೇಳಲು ಯತ್ನಿಸುವುದನ್ನು ಕಂಡಿದ್ದೇನೆ.

ಇಷ್ಟಾದರೂ ಹೆಸರು ಬಾರದಿದ್ದರೆ? ಇಲ್ಲಿ ವಿಜ್ಞಾನವು ಒಂದು ಸಮಾಧಾನವನ್ನು ಹೇಳುತ್ತದೆ. ಸ್ಮರಿಸಲು ಯತ್ನಿಸಿ ಸೋತು, ಅನಂತರ ಸರಿಯಾದ ಉತ್ತರವನ್ನು ತಿಳಿದರೆ, ಸುಮ್ಮನೆ ಉತ್ತರವನ್ನು ಓದಿಕೊಂಡದ್ದಕ್ಕಿಂತ ಅದು ಚೆನ್ನಾಗಿ ನಿಲ್ಲುತ್ತದೆಂದು 2009ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. "ಕ್ಷಮಿಸಿ, ನಿಮ್ಮ ಹೆಸರನ್ನು ಮರೆತಿದ್ದೇನೆ, ಇನ್ನೊಮ್ಮೆ ಹೇಳಿ" ಎಂಬ ಮಾತಿನಲ್ಲಿ ಸೌಜನ್ಯವೂ ಇದೆ, ಶಾಸ್ತ್ರವೂ ಇದೆ.

ಆ ದಿನ ಆಲೆಮನೆಯ ಹುಡುಗನ ಎದುರಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ. "ನಿನ್ನ ಪ್ರಶ್ನೆ ನೆನಪಿದೆ, ಹೆಸರು ತಪ್ಪಿಹೋಗಿದೆ" ಎಂದಿದ್ದರೆ ಅವನು ನಕ್ಕು ಹೇಳಿಬಿಡುತ್ತಿದ್ದನು. ನಾನು ಕಾಗದವನ್ನು ಸರಿಸಿ ನನ್ನ ಮರೆವನ್ನು ಮುಚ್ಚಲು ಹೋದೆ. ಅದು ಅವನಿಗೆ ಅಲಕ್ಷ್ಯವಾಗಿ ಕಂಡಿತು. ಹೆಸರನ್ನು ಮರೆಯುವುದು ಮನಸ್ಸಿನ ಸ್ವಭಾವ, ಅದಕ್ಕಾಗಿ ನಾಚಬೇಕಾಗಿಲ್ಲ. ಅದನ್ನು ಮತ್ತೆ ಕೇಳಿ ಕಲಿಯಲು ನಾಚಿದರೆ ಮಾತ್ರ ತಪ್ಪು ನಮ್ಮದಾಗುತ್ತದೆ.